ಕುದುರೆಯ ಮುಖ ದಪ್ಪವಾಗಿದೆ, ಕಾಲು ಕುಂಟುತ್ತಿದೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ದಾವಣಗೆರೆಯ ಹಳೇ ಊರಿನಿಂದ ಯಜಮಾನರೊಬ್ಬರು ಫೋನ್ ಮಾಡಿದರು. ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವ ಮನೆತನ. "ಸಾರ್, ಕುದುರೆ ಮುಖ ಯಾಕೋ ದಪ್ಪ ಆಗೈತೆ. ಮೇವು ಅಗೀತೈತೆ, ಉಂಡೆ ಮಾಡಿ ಉಗುಳ್ತೈತೆ. ಮೊದಲು ಎಡಗಾಲು ಕುಂಟ್ತಿತ್ತು, ಈಗ ಬಲಗಾಲು. ಇಬ್ಬರು ಡಾಕ್ಟ್ರಿಗೆ ತೋರಿಸಿದ್ವಿ. ರಕ್ತ ಟೆಸ್ಟ್ ಮಾಡಿಸಿದ್ರೆ ಎಲ್ಲಾ ನಾರ್ಮಲ್ ಅಂತಾರೆ."

ನಾನು ದನ, ಎಮ್ಮೆ, ಕುರಿ ನೋಡಿ ಪಳಗಿದವನು. ನಮ್ಮ ಸೀಮೆಯಲ್ಲಿ ಪಶುವೈದ್ಯನ ಮುಂದೆ ಬಂದು ನಿಲ್ಲುವ ಕುದುರೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟು: ಮದುವೆ ಕುದುರೆ, ಯಾರೋ ಶೋಕಿಗೆ ಸಾಕಿದ್ದು, ಚಳ್ಳಕೆರೆ ಕಡೆ ಕುರಿಮಂದೆಯ ಹಿಂದೆ ಸಾಮಾನು ಹೊತ್ತು ನಡೆಯುವ ತಟ್ಟು. ಹಾಗಾಗಿ ಕುದುರೆ ಕಂಡಾಗಲೆಲ್ಲ ದನದ ಲೆಕ್ಕದಲ್ಲಿ ಯೋಚಿಸುವ ಚಾಳಿ ನಮಗೆಲ್ಲ ಇದೆ. ಈ ಕೇಸಿನಲ್ಲಿ ಎಲ್ಲರೂ ಎಡವಿದ್ದು ಅಲ್ಲೇ. ಹೀಗೆ ಮುಖ ಊದಿದ, ಕಾಲು ಬದಲಿಸಿ ಕುಂಟುವ ಕುದುರೆ ಎದುರಿಗೆ ಬಂದರೆ ಯಾವುದರಿಂದ ಶುರು ಮಾಡಬೇಕು, ಯಾವ ಪರೀಕ್ಷೆಯನ್ನು ಎಷ್ಟು ನಂಬಬೇಕು ಎಂಬುದನ್ನು ಆ ಹೆಣ್ಣು ಕುದುರೆಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಕುದುರೆ ಸಾಕುವವರಿಗೂ ಅರ್ಥವಾಗಲಿ ಎಂಬ ಆಸೆಯಿದೆ. ಆದರೆ ಸೂಜಿ, ಎಕ್ಸ್‌ರೇ, ಔಷಧದ ಪ್ರಮಾಣ ಪಶುವೈದ್ಯರ ಕೈಯಲ್ಲೇ ಇರಲಿ.

ಮೊದಲು ಕಣ್ಣು, ಆಮೇಲೆ ಕೈ

ಲಾಯಕ್ಕೆ ಹೋದ ತಕ್ಷಣ ಕುದುರೆಯನ್ನು ಮುಟ್ಟಬೇಡಿ. ಎದುರಿಗೆ ಹತ್ತು ಅಡಿ ದೂರದಲ್ಲಿ ನಿಂತು ಮುಖವನ್ನು ನೋಡಿ. ಊತ ಒಂದು ಕಡೆ ಇದೆಯೋ, ಎರಡೂ ಕಡೆ ಸಮನಾಗಿದೆಯೋ? ಅರ್ಧ ರೋಗಗಳು ಈ ಒಂದು ಪ್ರಶ್ನೆಗೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಒಂದೇ ಕಡೆ ಊದಿ, ಅದೇ ಕಡೆಯ ಮೂಗಿನ ಹೊಳ್ಳೆಯಿಂದ ಕೊಳೆತ ವಾಸನೆಯ ಕೀವು ಬರುತ್ತಿದ್ದರೆ ಅದು ಬಹುಮಟ್ಟಿಗೆ ಹಲ್ಲಿನ ಬೇರಿನ ಬಾವು. ಕುದುರೆಯ ಮೇಲಿನ ಹಿಂದವಡೆ ಹಲ್ಲುಗಳ ಬೇರು ಕೆನ್ನೆಯೊಳಗಿನ ಗಾಳಿಗೂಡಿಗೆ ಚಾಚಿಕೊಂಡಿರುವುದರಿಂದ ಹಲ್ಲು ಕೆಟ್ಟರೆ ಗೂಡಿನಲ್ಲಿ ಕೀವು ತುಂಬುತ್ತದೆ. ದವಡೆಯ ಕೆಳಗೆ ಮೆತ್ತಗೆ, ಬಿಸಿಯಾಗಿ ಊದಿ, ಜ್ವರವೂ ಇದ್ದರೆ ಗಂಟಲುಬಾವನ್ನು ನೆನೆಯಿರಿ. ಮೂರು ನಾಲ್ಕು ವರ್ಷದ ಮರಿಗುದುರೆಯ ಕೆಳದವಡೆಯಲ್ಲಿ ಗಟ್ಟಿ ಉಬ್ಬುಗಳಿದ್ದು, ಮೇವು ಚೆನ್ನಾಗಿ ತಿನ್ನುತ್ತಿದ್ದರೆ ಅದು ರೋಗವೇ ಅಲ್ಲ. ಒಳಗೆ ಹೊಸ ಹಲ್ಲು ಬರುತ್ತಿದೆ, ಅಷ್ಟೆ. ಇದಕ್ಕೂ ಇಂಜೆಕ್ಷನ್ ಹೊಡೆಸಿದವರನ್ನು ನೋಡಿದ್ದೇನೆ.

ಮೂಗಿನಿಂದ ಅಂಟು ಸೋರಿಕೆ, ಚರ್ಮದ ಮೇಲೆ ಸಾಲುಸಾಲಾಗಿ ಒಡೆಯುವ ಗಂಟುಗಳು, ಸೊರಗುವಿಕೆ ಒಟ್ಟಿಗೆ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಕೈತೊಳೆದು ಇಲಾಖೆಗೆ ತಿಳಿಸಬೇಕು. ಗ್ಲಾಂಡರ್ಸ್ ಮನುಷ್ಯರಿಗೂ ಹರಡುವ ರೋಗ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕಾದದ್ದು. ಅದರ ಮಾದರಿ ಹೋಗುವುದು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ.

ನಮ್ಮ ಕುದುರೆಯಲ್ಲಿ ಇವು ಯಾವುವೂ ಇರಲಿಲ್ಲ. ಜ್ವರವಿಲ್ಲ, ಕೀವಿಲ್ಲ. ಕಣ್ಣಿನ ಕೆಳಗೆ ಕೆನ್ನೆಯುದ್ದಕ್ಕೂ ಹೋಗುವ ಮೂಳೆಯ ಏಣಿನ ಮೇಲ್ಭಾಗ ಎರಡೂ ಕಡೆ ಒಂದೇ ಸಮ ಉಬ್ಬಿತ್ತು. ಉಸಿರಾಡುವಾಗ ಗೊರಗೊರ ಸದ್ದು. ಎಂಟು ವರ್ಷದ ಪ್ರಾಣಿ, ತೂಕ ಅಂದಾಜು 300 ಕೆಜಿ. ಬೆನ್ನು ಕಮಾನಾಗಿತ್ತು, ಹೊಟ್ಟೆ ಸೆಳೆದಿತ್ತು. ಹೆಜ್ಜೆಯಲ್ಲಿ ಒಂದು ಕಾಲಿನ ಕುಂಟು ಕಾಣಲಿಲ್ಲ. ಮುಳ್ಳಿನ ಮೇಲೆ ನಡೆದ ಹಾಗೆ ನಾಲ್ಕೂ ಕಾಲನ್ನು ಅಳುಕುತ್ತ ಇಡುತ್ತಿತ್ತು.

ಈಗ ಕೈ. ಎರಡು ದವಡೆಗಳ ನಡುವಿನ ಸಂದಿಗೆ ಕೆಳಗಿನಿಂದ ಬೆರಳು ಹಾಕಿ. ಆರೋಗ್ಯವಾಗಿರುವ ಕುದುರೆಯಲ್ಲಿ ಕೆಳದವಡೆಯ ಅಂಚು ತೆಳ್ಳಗೆ, ಹಲಗೆಯ ಅಂಚಿನ ಹಾಗೆ ಸಿಗುತ್ತದೆ. ಈ ಕುದುರೆಯಲ್ಲಿ ಅದು ಒನಕೆಯ ಹಾಗೆ ದುಂಡಗಿತ್ತು, ಸಂದಿ ಕಿರಿದಾಗಿತ್ತು. ಎಷ್ಟೋ ಸಲ ಕೆನ್ನೆ ಉಬ್ಬುವ ಮೊದಲೇ ದವಡೆಯ ಅಂಚು ದಪ್ಪವಾಗುತ್ತದೆ. ಅದಕ್ಕೇ ಮುಖ ಸರಿಯಾಗಿದ್ದರೂ ಇಲ್ಲಿ ಬೆರಳಾಡಿಸುವ ಅಭ್ಯಾಸ ಒಳ್ಳೆಯದು. ಕೆನ್ನೆಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಕುದುರೆ ತಲೆ ಕೊಡವಿತು. ಬೆರಳಿನಿಂದ ಬಡಿದರೆ ಖಾಲಿ ಗಡಿಗೆಯ ನಾದ ಬರಬೇಕಾದ ಜಾಗದಲ್ಲಿ ಮಂದ ಸದ್ದು. ತುಟಿ ಎತ್ತಿ ಮುಂದಿನ ಹಲ್ಲನ್ನು ಅಲ್ಲಾಡಿಸಿದರೆ ಚೂರು ಅಲುಗಾಡುತ್ತಿತ್ತು.

ಇಂಥ ಕುದುರೆಯನ್ನು ಪರೀಕ್ಷೆಗೆಂದು ಹಗ್ಗ ಹಾಕಿ ಕೆಡವಬೇಡಿ. ಬಾಯಿ ತೆರೆಸುವ ಕಬ್ಬಿಣದ ಸಾಧನವನ್ನೂ ಬಲವಾಗಿ ಬಿಗಿಯಬೇಡಿ. ಮೂಳೆ ಒಳಗೆ ಟೊಳ್ಳಾಗಿದ್ದರೆ ದವಡೆ ಮುರಿಯುತ್ತದೆ, ಕೆಡವುವಾಗ ತೊಡೆಮೂಳೆ ಹೋಗುತ್ತದೆ. ನಿಂತ ಕುದುರೆಯಲ್ಲೇ ಇಷ್ಟೂ ತಿಳಿಯುತ್ತದೆ.

"ನಾರ್ಮಲ್" ಎಂಬ ರಿಪೋರ್ಟು

ಯಜಮಾನರು ತೋರಿಸಿದ ರಕ್ತದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 10.4 ಎಂದಿತ್ತು. ಪಕ್ಕದಲ್ಲಿ ಅಚ್ಚಾದ ಸಹಜ ಮಿತಿ 8.5ರಿಂದ 10.5. ಮಿತಿಯೊಳಗೇ ಇದೆಯಲ್ಲ ಎಂದು ಹಿಂದಿನವರು ಮೂಳೆಯ ಮಾತನ್ನು ಬಿಟ್ಟು ವಾತ, ಸಂಧಿನೋವು ಎಂದು ನೋವಿನ ಪುಡಿ ಬರೆದಿದ್ದರು.

ಆ ಮಿತಿ ಮನುಷ್ಯರದು. ನಮ್ಮೂರುಗಳಲ್ಲಿ ಪ್ರಾಣಿಗಳ ರಕ್ತವೂ ಮನುಷ್ಯರ ಲ್ಯಾಬಿಗೇ ಹೋಗುವುದು ಮಾಮೂಲು. ಯಂತ್ರ ಅಳೆಯುವುದರಲ್ಲಿ ತಪ್ಪಿಲ್ಲ, ಪಕ್ಕದಲ್ಲಿ ಅಚ್ಚಾಗುವ ಮಿತಿ ಮಾತ್ರ ಬೇರೆ ಜೀವಿಯದು. ಕುದುರೆಯ ರಕ್ತದಲ್ಲಿ ಕ್ಯಾಲ್ಸಿಯಂ ಸಹಜವಾಗಿಯೇ ಹೆಚ್ಚು, ಡೆಸಿಲೀಟರಿಗೆ ಸುಮಾರು 11ರಿಂದ 13 ಮಿಲಿಗ್ರಾಂ. ಆ ಲೆಕ್ಕಕ್ಕೆ 10.4 ಕಡಿಮೆಯೇ.

ಆದರೂ ಈ ಒಂದು ಸಂಖ್ಯೆಯ ಮೇಲೆ ಕೂರಬಾರದು. 11.5 ಬಂದಿದ್ದರೂ ನಾನು ರೋಗವನ್ನು ಕೈಬಿಡುತ್ತಿರಲಿಲ್ಲ. ರಕ್ತದ ಕ್ಯಾಲ್ಸಿಯಂ ಕೆಳಗಿಳಿಯದಂತೆ ದೇಹ ಕಾವಲು ಕಾಯುತ್ತದೆ. ಚೂರು ಇಳಿದರೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತುಂಬುತ್ತವೆ. ಅಂಗಡಿ ಗಲ್ಲಾದಲ್ಲಿ ದಿನವೂ ದುಡ್ಡಿದೆ, ಆದರೆ ಅದು ಮನೆಯ ಒಡವೆ ಮಾರಿ ತಂದು ಹಾಕಿದ್ದು. ಗಲ್ಲಾ ಎಣಿಸಿದವನಿಗೆ ವ್ಯಾಪಾರ ಚೆನ್ನಾಗಿದೆ ಎನ್ನಿಸುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಖನಿಜ ಹೋದ ಜಾಗದಲ್ಲಿ ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಮುಖದ ಮೂಳೆಗಳಲ್ಲಿ ಈ ನಾರು ಮೂಲ ಮೂಳೆಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಮುಖ ದಪ್ಪವಾಗುತ್ತದೆ, ಮೂಗಿನ ದಾರಿ ಇಕ್ಕಟ್ಟಾಗುತ್ತದೆ, ಹಲ್ಲಿನ ಹಿಡಿತ ಸಡಿಲುತ್ತದೆ. ಕಾಲಿನಲ್ಲಿ ಸ್ನಾಯುಗಳ ನಾರು ಮೂಳೆಗೆ ಅಂಟಿದ ಜಾಗ ಕಿತ್ತುಬರತೊಡಗುತ್ತದೆ. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುವುದು ಅದಕ್ಕೆ.

ಇಂಗ್ಲಿಷಿನಲ್ಲಿ ಇದಕ್ಕೆ ಬಿಗ್ ಹೆಡ್ ಎನ್ನುತ್ತಾರೆ, ದೊಡ್ಡ ತಲೆ. ಹಳೆಯ ಹೆಸರುಗಳು ಇನ್ನೂ ಸ್ವಾರಸ್ಯದವು: ಬ್ರಾನ್ ಡಿಸೀಸ್, ಮಿಲ್ಲರ್ಸ್ ಡಿಸೀಸ್. ಅಂದರೆ ತೌಡಿನ ರೋಗ, ಗಿರಣಿಯವರ ರೋಗ. ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳು ಪುಕ್ಕಟೆ ಬೂಸಾ ತಿಂದು ಈ ರೋಗಕ್ಕೆ ಬೀಳುತ್ತಿದ್ದವು. ಮಿಲ್ಲುಗಳ ಊರಾದ ದಾವಣಗೆರೆಯಲ್ಲಿ ಕೂತು ಈ ಹೆಸರು ಓದಿದವನಿಗೆ ಕಿವಿ ನೆಟ್ಟಗಾಗಬೇಕು.

ಬಾನಿಯನ್ನು ತೂಗಿ

"ಏನು ತಿನ್ನಿಸ್ತೀರಿ ಯಜಮಾನ್ರೇ?" ಎಂದು ಕೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ: "ಎಲ್ಲಾ ಹಾಕ್ತೀವಿ ಸಾರ್, ಏನೂ ಕಮ್ಮಿ ಮಾಡಿಲ್ಲ." ಆ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ತಕ್ಕಡಿ ತರಿಸಿ. ಬೆಳಗಿನಿಂದ ರಾತ್ರಿವರೆಗೆ ಹಾಕುವುದನ್ನೆಲ್ಲ ಒಂದೊಂದಾಗಿ ತೂಗಿಸಿ ಬರೆದುಕೊಳ್ಳಿ. "ಎರಡು ಮಗೆ" ಅಂದರೆ ಮಗೆಯನ್ನೇ ತುಂಬಿ ತೂಗಿ.

ಯಜಮಾನರ ಭಾವಮೈದುನ ರೈಸ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹುರುಳಿಯ ರೇಟು ಏರಿದ ಮೇಲೆ, ಒಂದು ವರ್ಷಕ್ಕೂ ಮೇಲ್ಪಟ್ಟು, ಕುದುರೆಗೆ ತೌಡೇ ಮುಖ್ಯ ಆಹಾರವಾಗಿತ್ತು. ತಕ್ಕಡಿಯ ಲೆಕ್ಕ ಹೀಗೆ ಬಂತು: ತೌಡು 3 ಕೆಜಿ, ಮೆಕ್ಕೆಜೋಳದ ನುಚ್ಚು 1 ಕೆಜಿ, ಭತ್ತದ ಹುಲ್ಲು ಮೂರು ಕೆಜಿಯಷ್ಟು, ಮೇಲೆ ಒಂದು ಹೊರೆ ಹಸಿ ನೇಪಿಯರ್ ಹುಲ್ಲು.

ಅಕ್ಕಿ ತೌಡಿನಲ್ಲಿ ರಂಜಕ (ಫಾಸ್ಫರಸ್) ನೂರಕ್ಕೆ ಒಂದೂವರೆಯ ಆಸುಪಾಸು, ಕ್ಯಾಲ್ಸಿಯಂ ನೂರಕ್ಕೆ 0.1ನ್ನೂ ಮುಟ್ಟುವುದು ಕಷ್ಟ. ಮೂರು ಕೆಜಿ ತೌಡಿನಿಂದಲೇ 45 ಗ್ರಾಂ ರಂಜಕ, ಎರಡು ಮೂರು ಗ್ರಾಂ ಕ್ಯಾಲ್ಸಿಯಂ. ಮೆಕ್ಕೆಜೋಳದಿಂದ ಇನ್ನೊಂದು 3 ಗ್ರಾಂ ರಂಜಕ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದು. ಹುಲ್ಲು, ನೇಪಿಯರ್ ಸೇರಿ ಅಂದಾಜು 12 ಗ್ರಾಂ ಕ್ಯಾಲ್ಸಿಯಂ, 6 ಗ್ರಾಂ ರಂಜಕ. ಒಟ್ಟು ರಂಜಕ 54, ಕ್ಯಾಲ್ಸಿಯಂ 15.

ಇಲ್ಲೇ ಒಂದು ಬಲೆಯಿದೆ. ಕೆಲಸವಿಲ್ಲದೆ ನಿಂತ 300 ಕೆಜಿ ಕುದುರೆಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 12 ಗ್ರಾಂ, ರಂಜಕ 8ರಿಂದ 9 ಗ್ರಾಂ. ಬರೀ ಕ್ಯಾಲ್ಸಿಯಂ ಸಾಲು ನೋಡಿದರೆ ಕೊರತೆಯೇ ಇಲ್ಲ, ಮೂರು ಗ್ರಾಂ ಹೆಚ್ಚೇ ಇದೆ. ಕೆಟ್ಟಿರುವುದು ಎರಡರ ನಡುವಿನ ಅನುಪಾತ. ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕು, ಯಾವ ಕಾರಣಕ್ಕೂ ಒಂದಕ್ಕೊಂದು ಎಂಬ ಸಮಕ್ಕಿಂತ ಕೆಳಗಿಳಿಯಬಾರದು. ಈ ಬಾನಿಯಲ್ಲಿ ಒಂದು ಪಾಲು ಕ್ಯಾಲ್ಸಿಯಮ್ಮಿಗೆ ಮೂರೂವರೆ ಪಾಲು ರಂಜಕವಿತ್ತು. ಕರುಳಿನಲ್ಲಿ ಹೆಚ್ಚಾದ ರಂಜಕ ಕ್ಯಾಲ್ಸಿಯಮ್ಮನ್ನು ಒಳಗೆ ಬಿಟ್ಟುಕೊಡುವುದಿಲ್ಲ.

ಇದ್ದ 15 ಗ್ರಾಂ ಕೂಡ ಪೂರ್ತಿ ದಕ್ಕುವುದಲ್ಲ. ಭತ್ತದ ಹುಲ್ಲಿನಲ್ಲೂ ನೇಪಿಯರ್‌ನಲ್ಲೂ ಆಕ್ಸಲೇಟ್ ಇದೆ. ಅದು ಕ್ಯಾಲ್ಸಿಯಮ್ಮನ್ನು ಕಟ್ಟಿ ಲದ್ದಿಯ ಜೊತೆ ಹೊರಗೆ ಕಳಿಸುತ್ತದೆ. ಎಮ್ಮೆ ಇದೇ ಮೇವು ತಿಂದು ಹಾಲು ಕೊಡುತ್ತದಲ್ಲ ಎಂದು ಯಜಮಾನರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎಮ್ಮೆಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಕರುಳು ಮುಟ್ಟುವ ಮೊದಲೇ ಬಹುಪಾಲು ಒಡೆದು ಹಾಕುತ್ತವೆ. ಕುದುರೆಯಲ್ಲಿ ಅಂಥ ಜೀವಿಗಳ ಮನೆ ಇರುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಕ್ಯಾಲ್ಸಿಯಂ ಹೀರಿಕೊಳ್ಳುವುದು ಅದಕ್ಕಿಂತ ಮುಂದಿನ ಸಣ್ಣ ಕರುಳಿನಲ್ಲಿ. ಆಕ್ಸಲೇಟ್ ಒಡೆಯುವ ಹೊತ್ತಿಗೆ ಬಸ್ಸು ಹೊರಟುಹೋಗಿರುತ್ತದೆ. ದನದ ಮೇವಿನ ಅಳತೆಯನ್ನು ಕುದುರೆಗೆ ಹಾಕಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಣ್ಣೆ ತೆಗೆದ ತೌಡಾದರೆ ಪರವಾಗಿಲ್ಲವೇ? ಇಲ್ಲ, ಎಣ್ಣೆಯ ತೂಕ ಹೋದಷ್ಟೂ ರಂಜಕದ ಪಾಲು ಏರುತ್ತದೆ. ಗೋಧಿ ಬೂಸಾ? ಅದರಲ್ಲೂ ಕ್ಯಾಲ್ಸಿಯಮ್ಮಿನ ಹತ್ತು ಪಾಲಿನಷ್ಟು ರಂಜಕವಿದೆ. ವಾರಕ್ಕೊಮ್ಮೆ ಒಂದು ಹಿಡಿ ತಿಂದರೆ ಏನೂ ಆಗುವುದಿಲ್ಲ. ನಾನು ಹೇಳುತ್ತಿರುವುದು ದಿನವೂ ಬಾನಿ ತುಂಬ ಹಾಕುವ ಮಾತು.

ಉಚ್ಚೆ ಹೇಳುವುದು

ಬಾನಿಯ ಲೆಕ್ಕದಿಂದ ಅನುಮಾನ ಗಟ್ಟಿಯಾಯಿತು. ಖಾತ್ರಿ ಮಾಡಿಕೊಳ್ಳಲು ಅಗ್ಗದ ದಾರಿ ಉಚ್ಚೆ. ಪ್ಯಾರಾಥೈರಾಯ್ಡ್ ಹಾರ್ಮೋನನ್ನೇ ಅಳೆಯಬಹುದು, ಆದರೆ ಮಾದರಿಯನ್ನು ತಣ್ಣಗೆ ಇಟ್ಟು ದೂರ ಸಾಗಿಸುವ ಪಾಡು ನಮ್ಮ ಊರುಗಳಲ್ಲಿ ಬೇಡ.

ಕುದುರೆಯ ಉಚ್ಚೆ ಸಹಜವಾಗಿ ಕದಡಿದ ಮಜ್ಜಿಗೆ ನೀರಿನ ಹಾಗಿರುತ್ತದೆ. ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಕುದುರೆ ಕಾರ್ಬೊನೇಟ್ ಹರಳಾಗಿ ಉಚ್ಚೆಯಲ್ಲೇ ಹೊರಹಾಕುತ್ತದೆ. ಲಾಯದ ನೆಲದಲ್ಲಿ ಉಚ್ಚೆ ಒಣಗಿದ ಕಡೆ ಬೆಳ್ಳಗೆ ಪುಡಿ ಉಳಿಯುವುದು ಅದೇ. ಈ ಕುದುರೆಯ ಉಚ್ಚೆ ಎರಡು ದಿನ ಹಿಡಿದು ನೋಡಿದರೂ ತಿಳಿಯಾಗಿಯೇ ಇತ್ತು. ಇದು ಸಾಕ್ಷಿಯಲ್ಲ, ಸುಳಿವು. ನೀರು ಹೆಚ್ಚು ಕುಡಿದರೂ ತಿಳಿಯಾಗುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಒಂದೇ ಹೊತ್ತಿನಲ್ಲಿ ಹಿಡಿದ ರಕ್ತ ಮತ್ತು ಉಚ್ಚೆ. ಬೆಳಿಗ್ಗೆ ರಕ್ತ, ಸಂಜೆ ಉಚ್ಚೆ ಎಂದರೆ ಲೆಕ್ಕ ಕೆಡುತ್ತದೆ. ಹೊಸ ಹುಲ್ಲು ಹಾಸಿ ಮೆಲ್ಲಗೆ ಸಿಳ್ಳೆ ಹಾಕಿದರೆ ಎಷ್ಟೋ ಕುದುರೆಗಳು ಉಚ್ಚೆ ಹೊಯ್ಯುತ್ತವೆ. ಯಜಮಾನರ ಮೊಮ್ಮಗನಿಗೆ ಈ ಕೆಲಸ ನನಗಿಂತ ಚೆನ್ನಾಗಿ ಬರುತ್ತಿತ್ತು. ಎರಡೂ ಮಾದರಿಗಳಲ್ಲಿ ರಂಜಕ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಕಸ) ಅಳೆಸಿ. ಉಚ್ಚೆಯ ಕ್ಯಾಲ್ಸಿಯಂ ಅಳೆಯುವ ಮೊದಲು ಸೀಸೆಯನ್ನು ಚೆನ್ನಾಗಿ ಕುಲುಕಿ ಆಮ್ಲ ಬೆರೆಸುವಂತೆ ಲ್ಯಾಬಿನವರಿಗೆ ಹೇಳಬೇಕು. ಇಲ್ಲವಾದರೆ ಹರಳು ತಳದಲ್ಲಿ ಕೂತು ಸಂಖ್ಯೆ ಸುಳ್ಳಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಉಚ್ಚೆಯ ರಂಜಕವನ್ನು ರಕ್ತದ ರಂಜಕದಿಂದ ಭಾಗಿಸಿ. ರಕ್ತದ ಕ್ರಿಯಾಟಿನಿನ್ನನ್ನು ಉಚ್ಚೆಯ ಕ್ರಿಯಾಟಿನಿನ್‌ನಿಂದ ಭಾಗಿಸಿ. ಬಂದ ಎರಡನ್ನೂ ಗುಣಿಸಿ ನೂರರಿಂದ ಗುಣಿಸಿದರೆ, ಮೂತ್ರಪಿಂಡಕ್ಕೆ ಬಂದ ರಂಜಕದಲ್ಲಿ ಶೇಕಡಾ ಎಷ್ಟು ಹೊರಗೆ ಹೋಗುತ್ತಿದೆ ಎಂಬುದು ಸಿಗುತ್ತದೆ. ಈ ಕುದುರೆಯದು: ಉಚ್ಚೆಯ ರಂಜಕ 40, ರಕ್ತದ್ದು 4, ರಕ್ತದ ಕ್ರಿಯಾಟಿನಿನ್ 1.2, ಉಚ್ಚೆಯದು 150. ಹತ್ತನ್ನು 0.008ರಿಂದ ಗುಣಿಸಿ, ಮತ್ತೆ ನೂರರಿಂದ ಗುಣಿಸಿದರೆ 8. ಸಹಜ ಕುದುರೆಯಲ್ಲಿ ಇದು ಅರ್ಧ ಶೇಕಡಾ ದಾಟುವುದು ಅಪರೂಪ, 4 ದಾಟಿದರೆ ರಂಜಕ ವಿಪರೀತ ಎಂದರ್ಥ. ಅದೇ ಲೆಕ್ಕವನ್ನು ಕ್ಯಾಲ್ಸಿಯಮ್ಮಿಗೆ ಮಾಡಿದಾಗ, ಎರಡೂವರೆಗಿಂತ ಮೇಲಿರಬೇಕಾದದ್ದು ಒಂದರ ಹತ್ತಿರ ನಿಂತಿತ್ತು. ರಕ್ತದ ರಂಜಕ 4 ಎಂಬುದನ್ನು ಗಮನಿಸಿ. ಅದೂ "ನಾರ್ಮಲ್" ಪಟ್ಟಿಯಲ್ಲೇ ಇತ್ತು.

ಎಕ್ಸ್‌ರೇ ಯಾವಾಗ

ಎಕ್ಸ್‌ರೇ ನೋಡದೆ ಯಜಮಾನರಿಗೆ ಸಮಾಧಾನವಿಲ್ಲ. ತೆಗೆಸಿ, ಆದರೆ ಅದರ ಮಿತಿ ಗೊತ್ತಿರಲಿ. ಮೂಳೆಯ ಖನಿಜ ಶೇಕಡಾ 30ರಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಸಾಂದ್ರತೆ ಇಳಿದದ್ದು ಕಾಣುವುದಿಲ್ಲ. ಕಾಲಿನ ಎಕ್ಸ್‌ರೇ ತೆಗೆಸಿ "ಮೂಳೆ ಚೆನ್ನಾಗಿದೆ" ಎಂದುಕೊಂಡವರು ಮೋಸಹೋಗುವುದು ಹೀಗೆ. ಯಂತ್ರ ದವಡೆಯ ಕಡೆ ತಿರುಗಲಿ. ಹಿಂದವಡೆ ಹಲ್ಲಿನ ಬೇರಿನ ಸುತ್ತ ತೆಳ್ಳನೆಯ ಬಿಳಿ ಗೆರೆಯೊಂದು ಇರಬೇಕು, ಹಲ್ಲು ಕೂತ ಗೂಡಿನ ಗಟ್ಟಿ ಗೋಡೆ ಅದು. ಈ ರೋಗದಲ್ಲಿ ಮೊದಲು ಅಳಿಸಿಹೋಗುವುದು ಆ ಗೆರೆ. ಅದೇ ಯಂತ್ರ, ಅದೇ ಅಳತೆಯಲ್ಲಿ ಆರೋಗ್ಯವಂತ ಕುದುರೆಯ ದವಡೆಯ ಚಿತ್ರ ಒಂದನ್ನೂ ತೆಗೆಸಿ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಯಾರ ಕಣ್ಣಿಗೂ ಕಾಣುತ್ತದೆ. ಅದೇ ಲಾಯದಲ್ಲಿದ್ದ, ಬಂದು ಎರಡೇ ತಿಂಗಳಾಗಿದ್ದ ಗಂಡು ಕುದುರೆ ನಮಗೆ ಇದಕ್ಕೆ ಒದಗಿತು. ಹೆಣ್ಣಿನ ದವಡೆಯಲ್ಲಿ ಬಿಳಿ ಗೆರೆ ಎರಡು ಹಲ್ಲುಗಳ ಸುತ್ತ ಮಾತ್ರ ಉಳಿದಿತ್ತು.

ಇಲ್ಲಿಂದ ಪೂರ್ವಕ್ಕೆ ಹೋದರೆ: ಫ್ಲೋರೈಡ್

ಮೂಳೆ ಉಬ್ಬಿದ ಪ್ರಾಣಿಯನ್ನೆಲ್ಲ ತೌಡಿನ ಲೆಕ್ಕಕ್ಕೆ ಹಾಕಿದರೂ ತಪ್ಪೇ. ಜಗಳೂರು ದಾಟಿ ಚಳ್ಳಕೆರೆ, ಮೊಳಕಾಲ್ಮುರು ಕಡೆಗೆ ಹೋದರೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಮನೆಯವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ, ಜಾನುವಾರಿನ ತೊಟ್ಟಿಗೆ ಬೋರಿನ ನೀರೇ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎನ್ನುತ್ತದೆ.

ಕುರಿಗಾರರೊಬ್ಬರ ತಟ್ಟುವನ್ನು ಒಮ್ಮೆ ಆ ಕಡೆ ನೋಡಿದ್ದೆ. ಮುಖ ಸಣ್ಣದೇ. ಮೊಣಕಾಲ ಕೆಳಗಿನ ನಳಿಗೆ ಮೂಳೆಯ ಮೇಲೆ ಕಲ್ಲಿನಂಥ ಗಂಟುಗಳು. ಹಲ್ಲು ಕಂದು ಪಟ್ಟೆ ಬಿದ್ದು ಅಡ್ಡಾದಿಡ್ಡಿ ಸವೆದಿತ್ತು. ಅದು ತೌಡಿನ ಮುಖವನ್ನೇ ಕಂಡದ್ದಲ್ಲ, ಬಯಲಿನಲ್ಲಿ ಮೇಯುವ ಪ್ರಾಣಿ. ಎರಡನ್ನೂ ಬೇರೆ ಮಾಡುವುದು ಇಂಥ ಗುರುತುಗಳಿಂದಲೇ: ಫ್ಲೋರೈಡ್ ಮೂಳೆಯ ಮೇಲ್ಮೈಯಲ್ಲಿ ಹೊಸ ಮೂಳೆ ಬೆಳೆಸುತ್ತದೆ, ಎಕ್ಸ್‌ರೇಯಲ್ಲಿ ಅಂಚು ಒರಟಾಗಿ ಬೆಳ್ಳಗೆ ಕಾಣುತ್ತದೆ, ತೌಡಿನ ರೋಗದಲ್ಲಿ ಮೂಳೆ ಮಂಕಾಗಿ ಕಾಣುತ್ತದೆ. ಹಲ್ಲಿನ ಕಲೆಯ ವಿಷಯದಲ್ಲಿ ಒಂದು ಎಚ್ಚರ. ಕುದುರೆಗೆ ಖಾಯಂ ಹಲ್ಲು ಬಂದು ಮುಗಿಯುವುದು ಸುಮಾರು ಐದು ವರ್ಷಕ್ಕೆ. ಅದಕ್ಕೆ ಮೊದಲು ಆ ನೀರು ಕುಡಿದಿದ್ದರೆ ಮಾತ್ರ ಹಲ್ಲಿನಲ್ಲಿ ಗುರುತು ಉಳಿಯುತ್ತದೆ. ದೊಡ್ಡದಾದ ಮೇಲೆ ಬೇರೆ ಊರಿನಿಂದ ಕೊಂಡುತಂದ ಕುದುರೆಯ ಹಲ್ಲು ಬೆಳ್ಳಗಿದೆ ಎಂದು ಫ್ಲೋರೈಡನ್ನು ಕೈಬಿಡಬೇಡಿ. ನೀರನ್ನೂ ಉಚ್ಚೆಯನ್ನೂ ಪರೀಕ್ಷೆಗೆ ಕಳಿಸಿ.

ಇನ್ನೆರಡು ರೋಗಗಳನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಕು. ನಾಲ್ಕೂ ಕಾಲಿನ ಮೂಳೆಗಳು ಸಮನಾಗಿ ದಪ್ಪವಾಗಿ, ಕೀಲುಗಳು ಮಾತ್ರ ಚೆನ್ನಾಗಿದ್ದರೆ ಎದೆಗೂಡನ್ನು ಪರೀಕ್ಷಿಸಿ. ಶ್ವಾಸಕೋಶದ ಗಡ್ಡೆ, ಬಾವು ಅಥವಾ ಕ್ಷಯ ಕಾಲಿನಲ್ಲಿ ಹೀಗೆ ತೋರಿಸಿಕೊಳ್ಳುವುದುಂಟು. ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಕಡೆ ಮಣ್ಣಿನ ಸಿಲಿಕಾ ಧೂಳು ಉಸಿರಾಡಿದ ಕುದುರೆಗಳಲ್ಲಿ ಹೆಗಲಮೂಳೆ ಬಾಗಿ, ಬೆನ್ನು ತಗ್ಗಿ, ಮೂಳೆಗಳು ಸುಮ್ಮನೆ ಮುರಿಯುವ ರೋಗವೊಂದಿದೆ. ಮೇವಿನ ಲೆಕ್ಕವೂ ಉಚ್ಚೆಯ ಲೆಕ್ಕವೂ ಸರಿಯಿದ್ದು ಹೆಗಲು ಬಾಗಿದ ಕುದುರೆ ಸಿಕ್ಕರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳಕ್ಕೋ ಕಳಿಸುವುದು ವಾಸಿ. ನಮ್ಮ ಮಟ್ಟದಲ್ಲಿ ಮುಗಿಯುವ ಕೆಲಸವಲ್ಲ ಅದು.

ಸರಿಪಡಿಸುವುದು

ತೌಡಿಗೇ ಸುಣ್ಣದ ಕಲ್ಲಿನ ಪುಡಿ ಬೆರೆಸಿದರಾಗದೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಲೆಕ್ಕ ಹಾಕಿ. 54 ಗ್ರಾಂ ರಂಜಕಕ್ಕೆ ಒಂದೂವರೆ ಪಟ್ಟು ಎಂದರೆ 81 ಗ್ರಾಂ ಕ್ಯಾಲ್ಸಿಯಂ ಬೇಕು. ಇರುವುದು 15. ಉಳಿದ 66 ಗ್ರಾಮಿಗೆ, ನೂರಕ್ಕೆ 38 ಕ್ಯಾಲ್ಸಿಯಂ ಇರುವ ಕಲ್ಲುಪುಡಿ ದಿನಕ್ಕೆ 170 ಗ್ರಾಂ ದಾಟುತ್ತದೆ. ಹಲ್ಲು ನೋಯುವ ಕುದುರೆ ಅಷ್ಟು ಪುಡಿ ಬೆರೆತ ತೌಡನ್ನು ಮೂಸಿಯೂ ನೋಡುವುದಿಲ್ಲ. ತೌಡು ಹೋಗಲೇಬೇಕು. ಎಲೆ ಅಡಿಕೆಯ ಸುಣ್ಣ ಕಲಸಿ ಹಾಕುವ ಸಲಹೆಯೂ ಕಿವಿಗೆ ಬಿತ್ತು. ಖಂಡಿತ ಬೇಡ, ಅದು ಬಾಯಿ, ಹೊಟ್ಟೆ ಎರಡನ್ನೂ ಸುಡುತ್ತದೆ.

ಹುರುಳಿಗೆ ವಾಪಸು ಬಂದೆವು. ನೂರು ಗ್ರಾಂ ಹುರುಳಿಯಲ್ಲಿ ಕ್ಯಾಲ್ಸಿಯಂ ಸುಮಾರು 290 ಮಿಲಿಗ್ರಾಂ, ರಂಜಕ 310. ಹೆಚ್ಚುಕಡಿಮೆ ಸಮ. ಅದೇ ನೂರು ಗ್ರಾಂ ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ 10, ರಂಜಕ 350ರ ಹತ್ತಿರ. ಹಿಂದಿನವರು ಕುದುರೆಗೆ ಹುರುಳಿಯನ್ನೇ ಹಾಕುತ್ತಿದ್ದದ್ದು ಈ ಲೆಕ್ಕ ಗೊತ್ತಿದ್ದಲ್ಲ, ಆದರೂ ಲೆಕ್ಕ ಸರಿಯಿತ್ತು. ಬೇಯಿಸಿದ ಹುರುಳಿ ದಿನಕ್ಕೆ 1 ಕೆಜಿ (ಒಣ ತೂಕ), ಚಳ್ಳಕೆರೆ ಕಡೆಯಿಂದ ತರಿಸಿದ ಒಣ ಶೇಂಗಾ ಬಳ್ಳಿ ಒಂದೂವರೆ ಕೆಜಿ, ಕತ್ತರಿಸಿದ ಜೋಳದ ಸೊಪ್ಪೆ ಮೂರೂವರೆ ಕೆಜಿ, ಹಸಿ ಕುದುರೆಮಸಾಲೆ ಸೊಪ್ಪು 3 ಕೆಜಿ. ಎಲ್ಲ ಸೇರಿ ಕ್ಯಾಲ್ಸಿಯಂ 40 ಗ್ರಾಂ ಆಸುಪಾಸು, ರಂಜಕ 12ರೊಳಗೆ. ಮೊದಲ ಎರಡು ಮೂರು ತಿಂಗಳು ರಂಜಕದ ಮೂರು ಪಟ್ಟಿನಷ್ಟು ಕ್ಯಾಲ್ಸಿಯಂ ಇರಲಿ ಎಂಬುದು ಚಿಕಿತ್ಸೆಯ ಅಳತೆ, ಅದಕ್ಕೆ ಇದು ಹೊಂದುತ್ತದೆ. ಕುದುರೆಮಸಾಲೆ, ಶೇಂಗಾ ಬಳ್ಳಿ ಸಿಗದ ದಿನಗಳಿಗೆಂದು ಪಶು ಆಹಾರಕ್ಕೆ ಮಾರುವ ಕಲ್ಲುಪುಡಿ 50 ಗ್ರಾಂ, ಬೆಲ್ಲದ ನೀರಿನಲ್ಲಿ ಕಲಸಿ. ಶೇಂಗಾ ಬಳ್ಳಿಯಲ್ಲಿ ಬೂಷ್ಟು ಇದ್ದರೆ ಆ ಕಟ್ಟನ್ನು ತಿಪ್ಪೆಗೆ ಹಾಕಿ, ಕೊಡವಿ ತಿನ್ನಿಸಬೇಡಿ.

ಮೇವು ಬದಲಾವಣೆ ಒಂದೇ ದಿನದಲ್ಲಿ ಆಗಬಾರದು, ಹೊಟ್ಟೆಶೂಲೆ ಬರುತ್ತದೆ. ಹತ್ತು ದಿನ ತೆಗೆದುಕೊಂಡೆವು. ಹಲ್ಲು ಸಡಿಲವಿದ್ದ ಕಾರಣ ಸೊಪ್ಪೆಯನ್ನು ಸಣ್ಣಗೆ ಕತ್ತರಿಸಿ ನೆನೆಸಿ ಹಾಕಿಸಿದೆ.

ಇನ್ನು ಮಾಡದೆ ಬಿಟ್ಟದ್ದು. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಲಿಲ್ಲ. ಅದರ ಪರಿಣಾಮ ಕೆಲವು ಗಂಟೆ, ವೇಗವಾಗಿ ಹೋದರೆ ಹೃದಯಕ್ಕೆ ಅಪಾಯ. ವಿಟಮಿನ್ ಡಿ ಸೂಜಿಯನ್ನೂ ಮುಟ್ಟಲಿಲ್ಲ. ಹೆಚ್ಚಾದರೆ ರಕ್ತನಾಳ, ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟುತ್ತದೆ. ನೋವಿನ ಪುಡಿಯನ್ನು ನಿಲ್ಲಿಸಿದ್ದು ಯಜಮಾನರಿಗೆ ಹಿಡಿಸಲಿಲ್ಲ. ನೋವು ಹೋದ ಕುದುರೆ ಹಾರುತ್ತದೆ, ಕುಣಿಯುತ್ತದೆ. ಈ ಮೂಳೆಯಲ್ಲಿ ಕುಣಿದರೆ ಮುರಿದೇ ಮುರಿಯುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಮೆರವಣಿಗೆಗೆ ಪೂರ್ತಿ ರಜೆ. ಆಷಾಢ ಎದುರಿಗಿದ್ದದ್ದು ಪುಣ್ಯ.

ಐದನೇ ವಾರಕ್ಕೆ ಹೆಜ್ಜೆ ಹಗುರವಾಯಿತು. ಮೇವು ಉಗುಳುವುದು ಎರಡನೇ ತಿಂಗಳಲ್ಲಿ ನಿಂತಿತು. ಎರಡನೇ ತಿಂಗಳ ಕೊನೆಗೆ ಮತ್ತೆ ಅದೇ ಜೋಡಿ ಮಾದರಿ ತೆಗೆದಾಗ ರಂಜಕದ ಲೆಕ್ಕ 8ರಿಂದ ಅರ್ಧ ಶೇಕಡಾಕ್ಕಿಂತ ಕೆಳಗಿಳಿದಿತ್ತು, ಉಚ್ಚೆ ಸಹಜ ಕುದುರೆಯದರಂತೆ ಕದಡಿತ್ತು. ಕಾಲು ಸರಿಯಾಯಿತೆಂದು ಇಲ್ಲಿ ಅವಸರ ಮಾಡಬಾರದು. ಮೂಳೆ ಮತ್ತೆ ಗಟ್ಟಿಯಾಗಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಹಾಗಾಗಿ ದವಡೆಯ ಎರಡನೇ ಎಕ್ಸ್‌ರೇಯನ್ನು ಹತ್ತನೇ ತಿಂಗಳಿಗೆ ಇಟ್ಟುಕೊಂಡೆವು. ಐದು ಹಲ್ಲುಗಳ ಸುತ್ತ ಬಿಳಿ ಗೆರೆ ಮರಳಿತ್ತು. ಅದೇ ವಾರ ಗಂಡು ಕುದುರೆಯ ದವಡೆಯ ಅಂಚಿನಲ್ಲೂ ಬೆರಳಾಡಿಸಿ ನೋಡಿದೆ, ಹಲಗೆಯ ಅಂಚಿನಂತೆ ತೆಳ್ಳಗೇ ಇತ್ತು.

ಮುಖ ಮಾತ್ರ ಪೂರ್ತಿ ಇಳಿಯಲಿಲ್ಲ. ಒಮ್ಮೆ ತುಂಬಿಕೊಂಡ ನಾರು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ, ಕೆಲವು ಕುದುರೆಗಳಲ್ಲಿ ಊತ ಜೀವಮಾನಕ್ಕೂ ಉಳಿಯುತ್ತದೆ. ಯಜಮಾನರು ಮೆರವಣಿಗೆಯ ಮುಖಪಟ್ಟಿಯನ್ನು ಬಿಚ್ಚಿಸಿ, ಎರಡು ಬೆರಳು ಅಗಲ ಹೆಚ್ಚಿಸಿ ಹೊಲಿಸಿದ್ದಾರೆ.